ರೆಕ್ಕೆಯ ಬಸ್ಸಿಗೆ ಬಲೆ ಕಟ್ಟಿದ ಮುತ್ತ ಮರಕಾಲರು

ಮರವಂತೆಯ ಬಂಧುಗಳೇ, ಸುಗುಣಕ್ಕ, ಮನೆಯವರೇ — ಎಲ್ಲರಿಗೂ ನಮಸ್ಕಾರ. ರಸ್ತೆಯಾಚೆ ನಿಂತವರಿಗೂ ನಮಸ್ಕಾರ. ದಯವಿಟ್ಟು ಇನ್ನೂ ಹಿಂದೆ ಸರಿಯಬೇಡಿ — ಹಿಂದೆ ಸಮುದ್ರ ಇದೆ.

ನೀವು ಚಪ್ಪರದೊಳಗೆ ಯಾಕೆ ಬಂದಿಲ್ಲ ಎಂದು ನನಗೆ ಗೊತ್ತು. ಮುತ್ತ ಮರಕಾಲರು ತೀರಿಕೊಂಡದ್ದು ಮಂಗನ ಕಾಯಿಲೆಯಿಂದ. ಅಂದಿನಿಂದ ಈ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿದಿಲ್ಲ. ಇವತ್ತು ಬೊಜ್ಜ, ಅವರ ಉತ್ತರಕ್ರಿಯೆಯ ಊಟ; ಅಡುಗೆ ಆಗಿದೆ. ಎಲೆ ಹಾಕಿದರೆ ಕೂರುವವರು ಯಾರು — ಗಂಡ ಹೋದ ದುಃಖದ ಮೇಲೆ ಸುಗುಣಕ್ಕನಿಗೆ ಈ ಚಿಂತೆ ಬೇರೆ.

ಘಟ್ಟದ ಮೇಲೆ ಮಂಗಗಳು ಸತ್ತವು, ಜನ ಸತ್ತರು. ರೋಗ ಹೊತ್ತದ್ದು ಉಣ್ಣಿ. ಉಣ್ಣಿಗೆ ರೆಕ್ಕೆಯಿಲ್ಲ, ಆದರೆ ಹಕ್ಕಿಗಿದೆಯಲ್ಲ! ಹಕ್ಕಿಯ ಮೈಮೇಲೆ ಕೂತು ಅದು ಕೆಳಗಿಳಿಯುತ್ತದೆಯೇ ಎಂದು ನೋಡಲು ರೋಗ ಪತ್ತೆಯ ನಮ್ಮ ತಂಡ ಘಟ್ಟದ ಬುಡದ ಸಿದ್ದಾಪುರದ ಕಡೆ ಬಂತು. ಹಕ್ಕಿಗೆ ಬಲೆ, ಬಲೆಗೆ ಕಡಲಲ್ಲಿ ಮೀನು ಹಿಡಿದು ಪಳಗಿದ ಮುತ್ತ, ಬರೆಯಲು ನಾನು — ಮೂವರಲ್ಲಿ ಉಪಯೋಗವಿಲ್ಲದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ದಿನ ರಾಜೀವಿ ಶೆಡ್ತಿಯವರ ಅಂಗಳದಲ್ಲಿ ನಿಂತು, ಬಂದ ಕಾರಣ ತಿಳಿಸಲು ಮುತ್ತ ಕೂಗಿದರು — "ಹ್ವಾಯ್ ಅಮ್ಮಾ, ಉಣ್ಣಿ! ಉಣ್ಣಿ!"

ಒಳಗಿಂದ ಉತ್ತರ — "ಉಣ್ಣಿ ಅಂದ್ಹೇಳಿ ನಾವ್ ಕರೀಕ್ ಮಾರಾಯ್ರೆ! ನೀವೇ ಕೂಗ್ಕಂಡ್ ಬಪ್ದಾ? ಬನ್ನಿ, ಎಲೆ ಹಾಕ್ತೆ."

ನಾವು ಹುಡುಕಲು ಹೋದದ್ದು ಹುಳ. ಸಿಕ್ಕಿದ್ದು ಹುರುಳಿ ಸಾರು. ಆಮೇಲೆ ಪ್ರತಿ ಮನೆಯಲ್ಲೂ ಮುತ್ತ ಬೇಕೆಂದೇ ಹಾಗೆ ಕೂಗುತ್ತಿದ್ದರೆಂದು ನನ್ನ ಗುಮಾನಿ.

ಒಂದು ಬೆಳಿಗ್ಗೆ ಬಲೆಗೆ ಪುಟ್ಟ ಹಕ್ಕಿಯೊಂದು ಬಿತ್ತು. ನೆಲದ ತರಗೆಲೆ ಕೆದಕುವ ಜಾತಿ. ಮುತ್ತ ಅದನ್ನು — ಹೀಗೆ — ಬೆರಳ ಸಂದಿಯಲ್ಲಿ ಹಿಡಿದು ಕಿವಿಯ ಬಳಿಯ ಗರಿಯನ್ನು ಮೆಲ್ಲ ಊದಿದರು. ಗರಿ ಬಿರಿಯಿತು. ಅಲ್ಲಿ, ಸಾಸಿವೆಗಿಂತ ಸಣ್ಣ ಉಣ್ಣಿ ಮರಿಗಳು! ಹಕ್ಕಿಯ ಎದೆ ಅವರ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು. ಅದಕ್ಕೆ ಜ್ವರವಿಲ್ಲ, ಕೇಡಿನ ಯೋಚನೆಯಿಲ್ಲ. ಯಾವ ಗುಡ್ಡದಿಂದ ಯಾವ ಗುಡ್ಡಕ್ಕೆ ಏನನ್ನು ದಾಟಿಸುತ್ತಿದ್ದೇನೆಂದು ಅದಕ್ಕೆ ಗೊತ್ತಿಲ್ಲ. ನಮಗೂ ಪೂರ್ತಿ ಗೊತ್ತಿಲ್ಲ. ನಾನು ಬರೆಯುವುದನ್ನೇ ಮರೆತು ನಿಂತೆ.

ಅಷ್ಟರಲ್ಲಿ ಶೆಡ್ತಿಯವರ ಯಜಮಾನರು ರತ್ನಾಕರ ಶೆಟ್ಟರು ಕೋವಿ ತಂದರು. ತೋಟದ ಹಕ್ಕಿಗಳನ್ನೆಲ್ಲ ಉರುಳಿಸುತ್ತೇನೆಂದರು.

ಮುತ್ತ ತಲೆ ಎತ್ತಲಿಲ್ಲ. "ಶೆಟ್ರೆ, ಹಕ್ಕಿ ಅಂದ್ರೆ ಬಸ್ಸ್. ಉಣ್ಣಿ ಅದ್ರ ಪ್ಯಾಸೆಂಜರ್. ಬಸ್ಸಿಗ್ ಗುಂಡ್ ಹೊಡ್ದ್ರೆ ಪ್ಯಾಸೆಂಜರ್ ಎಂತ ಮಾಡ್ತ್ರ್? ಇಳ್ದ್ ನಿಮ್ಮ್ ಮನಿಗೇ ಬತ್ರ್!"

ಶೆಟ್ಟರು ಕೋವಿ ಕೆಳಗಿಟ್ಟರು. ಉಣ್ಣಿ ಮರಿಗಳನ್ನು ಆರಿಸಿ ಸೀಸೆಗೆ ಹಾಕಿದ ಮೇಲೆ ಮುತ್ತ ಅಂಗೈ ಬಿಚ್ಚಿದರು. ಹಕ್ಕಿ ಒಂದು ಕ್ಷಣ ಅಲ್ಲೇ ಕೂತು, ಪುರ್ರೆಂದು ಹೋಯಿತು. "ಕಡಲಗೆ ನನ್ನ್ ಬಲೆಗ್ ಬಿದ್ದದ್ ಒಂದೂ ಬದ್ಕ್ ಹೋಯ್ಲಿಲ್ಲ ಕಾಣಿ," ಎಂದರು.

ಕೊನೆಗೆ ಯಾವುದೋ ಒಂದು ಉಣ್ಣಿ — ಯಾವ ಹಕ್ಕಿಯಿಂದ ಇಳಿದದ್ದೋ, ಯಾವ ತರಗೆಲೆಯಲ್ಲಿ ಕಾದಿದ್ದದ್ದೋ — ಅವರನ್ನು ಕಚ್ಚಿತು. ಕಡಲು ಗೆದ್ದವರನ್ನು ಸಾಸಿವೆ ಕಾಳಷ್ಟಿನ ಜೀವ ಗೆದ್ದಿತು. ಮಾತುಮಾತಿಗೂ ಪ್ರಾಸ ಕಟ್ಟುವ ನನಗೆ ಇಲ್ಲಿ ಪ್ರಾಸ ಸಿಗುವುದಿಲ್ಲ.

ಆದರೆ ಕೇಳಿ, ರಸ್ತೆಯಾಚೆಯವರೇ. ಈ ಜ್ವರ ಉಣ್ಣಿ ಕಚ್ಚಿದರೆ ಬರುತ್ತದೆ. ಸುಗುಣಕ್ಕನ ಕೈಯ ಅನ್ನದಿಂದ ಬರುವುದಿಲ್ಲ. ಈ ಲೋಟದಿಂದ ಬರುವುದಿಲ್ಲ — ಕಾಣಿ, ನಿಮ್ಮೆದುರೇ ಕುಡಿಯುತ್ತೇನೆ. — ಕುಡಿದೆ. ಜ್ವರದಲ್ಲಿ ಅವರ ತಲೆಗೆ ಒದ್ದೆ ಬಟ್ಟೆ ಹಾಕಿದ ಸುಗುಣಕ್ಕ ಗಟ್ಟಿಯಾಗಿ ಇಲ್ಲೇ ಕೂತಿದ್ದಾರೆ. ಹಕ್ಕಿಯನ್ನು ಕೊಲ್ಲಬೇಡಿ ಎಂದವರ ಮನೆಯನ್ನು ನಾವು ಕೊಲ್ಲುವುದು ಬೇಡ.

ಈಗ ಎಲ್ಲರೂ ಎದ್ದು ನಿಲ್ಲೋಣ. ನಿಂತೇ ಇರುವವರು ರಸ್ತೆ ದಾಟಿ ಬನ್ನಿ, ಚಪ್ಪರದಡಿ ನಿಲ್ಲಿ. ಮುತ್ತ ಮರಕಾಲರಿಗಾಗಿ ಸ್ವಲ್ಪ ಹೊತ್ತು ಮಾತು ಬಿಡೋಣ. ಮೇಲೆ ಹಕ್ಕಿ ಕೂಗಿದರೆ ಕೂಗಲಿ, ಅದಕ್ಕೆ ಹಕ್ಕಿದೆ. ಆಮೇಲೆ ಮೌನ ಮುರಿಯುವವರು ಸುಗುಣಕ್ಕ. ಅವರು ಹೇಳುವುದು ಒಂದೇ ಮಾತು — "ಉಣ್ಣಿ."

ಇವತ್ತು ಅದರ ಅರ್ಥ ಯಾರೂ ತಪ್ಪು ತಿಳಿಯಬೇಡಿ. ಏಳಿ.