ಹೊರಬಾಗಿಲ ಕುರ್ಚಿ

ಸ್ಕಾಟ್ಲೆಂಡಿನ ಕಮ್ನಕ್ ಊರಿನ ಬಸ್ ನಿಲ್ದಾಣದಲ್ಲಿ, ಬಸ್ಸಿಗೆ ಕಾಯುತ್ತಿದ್ದ ನೆಟ್ಟಾಳ ಪಕ್ಕ ಕರಿ ಟೈ ಕಟ್ಟಿದ ಇಬ್ಬರು ಮುದುಕರು ಬಂದು ಕೂತರು. ಮುಚ್ಚಿದ ಬಾಗಿಲ ಹಿಂದೆ ಸಭೆ ಸೇರುವ ಮೇಸನ್ ಸಂಘದ ಲಾಡ್ಜಿನವರೆಂದು ಕೈಯಲ್ಲಿದ್ದ ಬಿಳಿ ಗವಸುಗಳೇ ಹೇಳುತ್ತಿದ್ದವು. ಯಾರನ್ನೋ ಮಣ್ಣು ಮಾಡಿ ಬಂದಿದ್ದರು.

“ಅಲ್ವೋ ಹ್ಯೂಯಿ, ಪಾಪ, ನಮ್ಮ ವಾಟಿ ಎಪ್ಪತ್ತೊಂದನೇ ವಯಸ್ಸಲ್ಲಿ ಲಾಡ್ಜಿಗೆ ಸೇರಿದಾಗ ಗೊಣಗಿದವನು ನೀನೊಬ್ಬನೇ.”

“ಹೂಂ. ಊರು ಹೋಗು, ಕಾಡು ಬಾ ಅನ್ನೋ ಕಾಲದಲ್ಲಿ ಇವನೇನು ಕಲೀತಾನೆ ಅಂದಿದ್ದೆ.”

“ಹನ್ನೊಂದು ವರ್ಷ ಹೊರಬಾಗಿಲು ಕಾದ. ಒಂದು ಗುರುವಾರದ ಸಭೇನೂ ತಪ್ಪಿಸಲಿಲ್ಲ.”

“ನಿನ್ನೆ ನಾನು ಒಳಗಿಂದ ಮೂರು ಸಲ ಬಡಿದೆ ನೋಡು, ಆರ್ಚಿ. ಹೊರಗಿಂದ ಅವನು ತಿರುಗಿ ಬಡಿದ್ರೆ ತಾನೇ ಸಭೆ ಶುರು?”

“ಎಲ್ಲರೂ ಕಾಯ್ತಾ ನಿಂತ್ವಿ.”

“ಅವನು ಸತ್ತು ಮೂರು ದಿನ ಆಗಿತ್ತು. ಆದ್ರೂ ಅಲ್ಲಿ ಬೇರೆಯವರನ್ನ ಕೂರಿಸ್ಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.”

ಹ್ಯೂಯಿ ಗವಸು ಮಡಿಸಿ ಜೇಬಿಗಿಟ್ಟು ಕೇಳಿದ:

“ಅವನು ಕಾಲಿಗೆ ಹೊದೀತಿದ್ದ ಕಂಬಳಿ ಎಲ್ಲಿದೆ?”

“ಹೊರಬಾಗಿಲ ಕುರ್ಚಿ ಮೇಲೇ. ಅವನ ಹೆಂಡತಿಗೆ ಕೊಟ್ಟುಬಿಡೋಣ್ವಾ?”

“ಬೇಡ, ಅಲ್ಲೇ ಇರ್ಲಿ. ಮುಂದಿನ ಗುರುವಾರದಿಂದ ನಾನು ಕೂರ್ತೀನಿ. ಅಲ್ಲಿ ಚಳಿ ಅಂದ್ರೆ ಚಳಿ.”

ಬಸ್ಸು ಬಂತು. ಆರ್ಚಿಯನ್ನು ಮೊದಲು ಹತ್ತಿಸಿ, ಒಳಗೆ ಜಾಗವಿದ್ದರೂ ಹ್ಯೂಯಿ ಬಾಗಿಲ ಪಕ್ಕದಲ್ಲೇ ಕೂತ.