ಜೋತುಬಿದ್ದ ಗಿಡ

ಸಾಕುಮೀನಿನ ಅಂಗಡಿಯ ಸಾಲಿನಲ್ಲಿ ದರ್ಜಿಯೊಬ್ಬ ತನ್ನ ಮನೆಯ ಮೀನುತೊಟ್ಟಿಗೆ ಆರಿಸಿದ ಗಿಡ ಹಿಡಿದು ನಿಂತಿದ್ದ. ಅವನ ಮುಂದೆ ಒಬ್ಬರು ಅಜ್ಜಿ, ಅವರ ಮೊಮ್ಮಗಳು.

“ಬೇಗ ಅಜ್ಜಿ! ಬೆಳಿಗ್ಗೆ ಹದಿನಾಲ್ಕು ಮೀನುಮರಿ ಇದ್ವು, ಈಗ ಒಂಬತ್ತೇ. ಅಡಗೋಕೆ ಗಿಡ ಇಲ್ದೆ ಹೆತ್ತವಳೇ ನುಂಗ್ತಿದಾಳೆ!”

“ಅದಕ್ಕೆ ಈ ಸತ್ತ ಸೊಪ್ಪು ಯಾಕೇ? ಎತ್ತಿದ್ರೆ ಜೋತು ಬೀಳುತ್ತೆ. ಆ ನೆಟ್ಟಗಿರೋದು ತಗೋ.”

“ನೆಟ್ಟಗಿದ್ರೆ ಅದು ನೆಲದ ಗಿಡ ಅಜ್ಜಿ! ನೀರಲ್ಲಿಟ್ರೆ ನಾಲ್ಕೇ ದಿನಕ್ಕೆ ಕೊಳೆತು ಬಣ್ಣ ಬಯಲಾಗುತ್ತೆ. ನಿಜವಾದ ನೀರುಗಿಡಕ್ಕೆ ನೀರೇ ಬೆನ್ನೆಲುಬು.”

ಅಜ್ಜಿ ಜೋತ ಎಳೆಗಳನ್ನು ಪಕ್ಕದ ತೊಟ್ಟಿಯಲ್ಲಿ ಅದ್ದಿದರು. ಅವು ಅರಳಿ ಎದ್ದು ನಿಂತವು.

“ಅಯ್ಯೋ ನನ್ನ ಬಂಗಾರ! ಎರಡು ಕಟ್ಟು ಕೊಡಪ್ಪಾ!”

ಕಟ್ಟುಗಳನ್ನು ಹಿಡಿದು ಇಬ್ಬರೂ ಮನೆಗೆ ಓಡಿದರು.

“ನಿಮ್ದೇನು ಸ್ವಾಮಿ?” ಅಂಗಡಿಯವನು ಕೇಳಿದ.

ದರ್ಜಿ ಕೈಯಲ್ಲಿದ್ದ ಗಿಡ ನೋಡಿದ. ಅದು ಅವನ ಅಳತೆಕೋಲಿನ ಹಾಗೆ ನೆಟ್ಟಗೆ ನಿಂತಿತ್ತು.