ಮಾಲಿಂಗನ ಕೆಂಪು ಚುಕ್ಕಿ

ಅಲ್ರಿ ಸಾವಕಾರ್ರ, ನಗೂದೇನೈತಿ ಇದರಾಗ? ಈ ದಡ್ಡಿ ಲಗಮಪ್ಪ ನಿಮ್ಮ ಅಂಗಡಿಗಿ ಬಂದು ರೈಫಲ್ಲಿಗಿ ಹಾಕೂ ರೆಡ್ ಡಾಟ್ ಕೇಳಬಾರದೇನ್ರಿ? ಹೌದು, ನಾನ ಅಂದಿದ್ದೆ. ರೈಫಲ್ಲಿನ ಮ್ಯಾಲ ಬ್ಯಾಟರಿ ಕುಂದರಿಸಿ ಹೊಡ್ಯಾಂವ ಗಂಡಸಲ್ಲ ಅಂತ ಕಟ್ಟಿ ಮ್ಯಾಲ ಕುಂತು ಅಂದಿದ್ದೆ. ಆವಾಗ ಚಾಳೀಸ ಬಂದಿರಲಿಲ್ಲ. ಈಗ ನಳಿಗಿ ತುದಿ ನೋಡಿದ್ರ ಗುರಿಗಿ ಕಟ್ಟಿದ ಲಿಂಬಿಕಾಯಿ ಮಬ್ಬು, ಲಿಂಬಿಕಾಯಿ ನೋಡಿದ್ರ ತುದಿ ಮಬ್ಬು. ಇದರಾಗ ಹಂಗಿಲ್ಲಂತ... ಕಾಜಿನಾಗ ಕೆಂಪು ಚುಕ್ಕಿ ಕಾಣತೈತಿ, ಚುಕ್ಕಿ ಕಾಯಿ ಮ್ಯಾಲ ಇಟ್ಟು ಹೊಡದ್ರ ಮುಗೀತಂತ.

ಚಾ ಬ್ಯಾಡ್ರಿ, ಕುಡದ ಬಂದೇನಿ. ಮಾಲ ತೋರಸ್ರಿ. ಇದೆಷ್ಟು, ಹದಿನೆಂಟನೂರು? ಸೋವಿ ಐತಿ ಖರೆ, ಆದ್ರ ನಮ್ಮದು ಸ್ಪ್ರಿಂಗಿನ ಏರ್‌ಗನ್ನು. ನಾಕು ಸರ್ತಿ ಒದೀತಂದ್ರ ಸ್ಕ್ರೂ ಸಡ್ಲಾಗಿ ಚುಕ್ಕಿ ಎತ್ತಾಗೋ ಹೋಗತೈತಿ. ಅದು? ಏಳು ಸಾವಿರ... ಬ್ಯಾಡ ಬಿಡ್ರಿ, ಅದನ್ನ ಒಯ್ದ್ರ ನಮ್ಮಾಕಿ ಹೊಸ್ತಿಲ ದಾಟಾಕ ಬಿಡಾಂಗಿಲ್ಲ.

ನಿನ್ನಿ ಶರ್ಯತ್ತಿನ ಸುದ್ದಿ ಕೇಳಿರೇನು? ಕೇಳಿರತೀರಿ, ಸಂಕೇಶ್ವರಕ್ಕ ಮುಟ್ಟಲಾರದ ಸುದ್ದಿ ಯಾವುದೈತಿ. ದಾರಕ್ಕ ಕಟ್ಟಿದ ಲಿಂಬಿಕಾಯಿ, ಮೂವತ್ತು ಹೆಜ್ಜಿ ದೂರ, ಒಬ್ಬೊಬ್ಬಗ ಐದೈದು ಛರ್ರಾ ಗುಂಡು. ನಾ ಎರಡ ಹೊಡದೆ. ಬರೇ ಎರಡ. ಅಷ್ಟಕ್ಕ ಬೆಳ್ಳಿ ಕಡಗ ಮತ್ತ ನನಗ ಬಂತು. ಯಾಕಂದ್ರ ನಮ್ಮಕ್ಕನ ಮಗ ಮಾಲಿಂಗ ಒಂದೂ ಹೊಡೀಲಿಲ್ಲ.

ಹೂಂ, ನೀವ ಮಾರಿದ ಡಾಟ್ ಹಾಕ್ಕೊಂಡ. ಎರಡು ತಿಂಗಳಾತ್ರಿ, ಊರ ತುಂಬ ಅವಂದ ಮಾತು. ಮಾಲಿಂಗ ಹಾರೂ ಎಲಿ ಹೊಡದಾ, ಮಾಲಿಂಗ ಕಡ್ಡಿ ಹೊಡದಾ. ಅವಗ ಕಲಿಸಿದವ ಯಾರು? ಉಸರು ಎಲ್ಲಿ ಹಿಡೀಬೇಕು, ಗಲ್ಲ ಎಲ್ಲಿ ಊರಬೇಕು... ಎಲ್ಲಾ ನಾನ್ರಿ. ಗುರುವಿಗೇ ತಿರುಮಂತ್ರ. ನನ್ನ ಹೆಸರು ಒಬ್ಬರೂ ಎತ್ತಲಿಲ್ಲ. ನಮ್ಮಾಕಿ ಸುದ್ದಾ, ನನ್ನ ಮುಂದ ಕುಂತು ರೊಟ್ಟಿ ಬಡಕೊಂತ, "ಈ ಸಲ ಕಡಗ ಮಾಲಿಂಗಂದ ಬಿಡ್ರಿ" ಅಂದ್ಳು. ಹೊಟ್ಟಿ ಉರೀತು ಸಾವಕಾರ್ರ. ಸುಳ್ಳ ಯಾಕ ಹೇಳಲಿ, ಉರೀತು.

ಇರಲಿ. ಹೆಚ್ಚಿಗಿ ವಿಚಾರ ಬ್ಯಾಡ. ಮಾಲಿಂಗಗ ಕೊಟ್ರಲ್ಲ, ಅದ ನಮೂನಿ ನನಗೂ ಕೊಟ್ಟ ಬಿಡ್ರಿ. ಅದ ಕಂಪನಿ, ಅದ ರೇಟು.

ಯಾಕ್ರಿ? ಡಬ್ಬಿ ಯಾಕ ಹಿಂದಕ ಸರಿಸಿದ್ರಿ?

ಹೌದ್ರಿ, ಐದಕ್ಕ ಐದೂ ತಪ್ಪಿತು. ಆದ್ರೂ ಅದ ಬೇಕು. ಅದು... ಚಲೋ ಐತ್ರಿ. ನಾ ಕಣ್ಣಾರೆ ನೋಡೇನಿ, ಕೈಲೆ ಬಡದ್ರೂ ಚುಕ್ಕಿ ಅಳಗ್ಯಾಡಾಂಗಿಲ್ಲ. ಎಲ್ಲಿ ನೋಡಿದೆ ಅಂದ್ರ... ನಮ್ಮ ಮನ್ಯಾಗ. ಶರ್ಯತ್ತಿನ ಹಿಂದಿನ ದಿನ ಎಲ್ಲಾರ ರೈಫಲ್ಲೂ ಹ್ವಾದ ವರ್ಷ ಗೆದ್ದವನ ಮನ್ಯಾಗ ಇಡೂದು ನಮ್ಮೂರ ಪದ್ಧತಿ. ಯಾರೂ ಕದ್ದು ಕೈ ಪಳಗಿಸಬಾರದು ಅಂತ. ಹನ್ನೊಂದು ವರ್ಷಾತು, ನಮ್ಮ ದೇವರ ಕ್ವಾಣ್ಯಾಗ ತಂದು ಇಡತಾರ. ಒಂದು ಕೀಲಿ ಸುದ್ದಾ ಹಾಕೂದಿಲ್ಲ. ಲಗಮಪ್ಪನ ಮನಿ ಅಂದ್ರ ಅಷ್ಟು ನಂಬಿಗಿ...

ಹಂಗ ನೋಡಬ್ಯಾಡ್ರಿ.

ಬೇಕಾದ್ರ ಬೈರಿ.

ನಾಕ ಸುತ್ತ್ರಿ. ಮಧ್ಯಾಹ್ನ ಮನ್ಯಾಗ ಯಾರೂ ಇರಲಿಲ್ಲ. ಮಾಲಿಂಗನ ಡಾಟಿನ ಬಾಜೂಕಿನ ಮುಚ್ಚಳ ತಗದು, ಚುಕ್ಕಿ ಸರಸೂ ಸ್ಕ್ರೂಗ ರೂಪಾಯಿ ಬಿಲ್ಲಿ ಇಟ್ಟು, ನಾಕ ಸುತ್ತು ತಿರುವಿದೆ. ಒಂದ ಸಲ ಸೋಲಲಿ ಅಂತ... ಅವ ಜಗಳಾ ತಗದಿದ್ರ ಬೇಷ ಆಗತಿತ್ತು. ತಗೀಲಿಲ್ಲ. ಎಲ್ಲಾರ ಮುಂದ ನನ್ನ ಕಾಲ ಮುಟ್ಟಿದಾ. "ಮಾಮಾ, ನನ್ನ ಕಣ್ಣ ಕೆಟ್ಟಾವು" ಅಂದಾ. ಇವತ್ತ ಮುಂಜಾನೆ ಗೋಕಾಕ ಬಸ್ ಹತ್ತ್ಯಾನ, ಕಣ್ಣಿನ ಡಾಕ್ಟರ ಕಡೆ. ಯಾರ ಮ್ಯಾಲರೆ ಹಾಯಿಸೇನು ಅಂತ ಹೆದರಿ ಟ್ರ್ಯಾಕ್ಟರ್ ಬ್ಯಾರೆಯವರ ಕೈಯಾಗ ಕೊಟ್ಟು ಹೋಗ್ಯಾನ. ಅದ ಅವನ ಅನ್ನ ಐತ್ರಿ.

ಫೋನ್ ಯಾಕ ತಗೋತೀರಿ? ಬ್ಯಾಡ್ರಿ... ಮಾಲಿಂಗಗ ಹಚ್ಚ ಬಿಟ್ರೇನು?

ಕೊಡ್ರಿ ಇಲ್ಲೆ. ನಾನ ಹೇಳತೇನಿ.

ಹಲೋ. ಮಾಲಿಂಗಾ, ನಾನೋ, ನಿಮ್ಮ ಮಾಮಾ. ಡಾಕ್ಟರ ಕಡೆ ಪಾಳಿಗಿ ಕುಂತೀಯೇನು? ಎದ್ದ ಬಾ ತಮ್ಮಾ. ನಿನ್ನ ಕಣ್ಣಿಗಿ ಏನೂ ಆಗಿಲ್ಲ. ನಿನ್ನ ಡಾಟ್ ತಿರುವಿದವ ನಾನು.